ಶಾಸಕರಿಗೆ ಆ್ಯಪ್ ಅರ್ಥ ಆಗ್ಬೇಕಾ? ರಮ್ಮಿ ಕಾಯ್ದೆ ಹೇಳಿಕೊಟ್ಟ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತಿನ ಪ್ರಶ್ನೆ ಕೇಳೋಕೆ ಸುಲಭ. ನಿಮ್ಮ ಫೋನಲ್ಲಿ ಒಂದು ಆ್ಯಪ್ ಇದೆ. ಅದಕ್ಕೆ ಕಾನೂನು ಮಾಡೋರು ವಿಧಾನಸೌಧದಲ್ಲೋ ಸಂಸತ್ತಿನಲ್ಲೋ ಇದ್ದಾರೆ. ಆ ಆ್ಯಪ್ ಹೇಗೆ ಕೆಲಸ ಮಾಡುತ್ತೆ ಅಂತ ಅವರಿಗೆ ಗೊತ್ತಿರ್ಬೇಕಾ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತೆ. ಒಂದು, "ಗೊತ್ತಿರ್ಲೇಬೇಕು, ಇಲ್ಲಾಂದ್ರೆ ಅವರು ಅಲ್ಲಿ ಕೂತಿರೋದು ಯಾಕೆ?" ಇನ್ನೊಂದು, "ಅದೆಲ್ಲ ಅಧಿಕಾರಿಗಳ ಕೆಲಸ. ಆರೋಗ್ಯ ಮಂತ್ರಿ ಡಾಕ್ಟರ್ ಆಗಿರ್ಬೇಕು ಅಂತ ಇದೆಯಾ?" ಎರಡೂ ಕೇಳೋಕೆ ಸರಿ ಅನ್ಸುತ್ತೆ. ಹಾಗಾಗಿ ವಾದ ಬಿಟ್ಟು, ನಮ್ಮ ರಾಜ್ಯದಲ್ಲೇ ನಡೆದ ಒಂದು ಕಥೆ ತಗೊಂಡು ನೋಡೋಣ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳ ಕಥೆ.

ನಾನಿರೋದು ಹೊಸಕೋಟೆ ತಾಲೂಕಿನ ಸಮೇತನಹಳ್ಳಿ. ಇಲ್ಲಿ ಸಂಬಳ ಬಂದ ವಾರ ಟೀ ಅಂಗಡಿ ಮುಂದೆ ನಿಂತರೆ ಈ ವಿಷಯ ತಾನಾಗೇ ಬರುತ್ತೆ. ಯಾರೋ ಗೆದ್ದ ಮಾತು ಜೋರಾಗಿ ಕೇಳುತ್ತೆ. ಸೋತ ಮಾತು ಮೆತ್ತಗೆ, ಅದೂ ಇನ್ನೊಬ್ಬರ ಬಾಯಲ್ಲಿ. ಲೋನ್ ಆ್ಯಪ್‌ನಿಂದ ಸಾಲ ತೆಗೆದು ಆಡಿದವರು, ಅಮ್ಮನ ಚೀಟಿ ದುಡ್ಡು ಹಾಕಿದವರು. ಹೆಸರು ಬೇಡ. ನಿಮ್ಮೂರಲ್ಲೂ ಇರ್ತಾರೆ. ಈ ಮನೆಗಳಿಗೆ ಒಂದು ಗಟ್ಟಿ ಕಾನೂನು ಬೇಕಿತ್ತು. ಕರ್ನಾಟಕ ಒಂದು ಕಾನೂನು ಮಾಡ್ತು ಕೂಡ. ಅದೇನಾಯ್ತು ಅಂತ ಈಗ ಹೇಳ್ತೀನಿ.

132 ದಿನದ ನಿಷೇಧ

2021ರ ಸೆಪ್ಟೆಂಬರ್. ವಿಧಾನಮಂಡಲದಲ್ಲಿ ಕರ್ನಾಟಕ ಪೊಲೀಸ್ ತಿದ್ದುಪಡಿ ಮಸೂದೆ ಬಂತು. ಆಗ ಗೃಹ ಸಚಿವರಾಗಿದ್ದವರು ಆರಗ ಜ್ಞಾನೇಂದ್ರ. ಉದ್ದೇಶ ಸ್ಪಷ್ಟವಾಗಿತ್ತು: ಮೊಬೈಲ್ ಮತ್ತು ಇಂಟರ್ನೆಟ್ ಮೂಲಕ ನಡೆಯೋ ಜೂಜನ್ನ ನಿಲ್ಲಿಸೋದು. ಎರಡೂ ಸದನ ಒಪ್ಪಿಗೆ ಕೊಟ್ಟವು. ಅಕ್ಟೋಬರ್ 5ಕ್ಕೆ ಅಧಿಸೂಚನೆ ಆಯ್ತು. ಗರಿಷ್ಠ 3 ವರ್ಷ ಜೈಲು, 1 ಲಕ್ಷ ರೂಪಾಯಿ ದಂಡ.

ಇಲ್ಲಿ ಒಂದು ವಿಷಯ ಗಮನಿಸಿ. ಇದು ಆನ್‌ಲೈನ್ ಆಟಕ್ಕೆ ಅಂತಲೇ ಹೊಸದಾಗಿ ಬರೆದ ಕಾನೂನಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ಹಾಕಿದ ತೇಪೆ. ಆ ಹಳೇ ಕಾಯ್ದೆ ಬರೆದಾಗ ಜೂಜು ಅಂದ್ರೆ ಒಂದು ಜಾಗ: ಒಂದು ಕೋಣೆ, ಒಂದು ಕ್ಲಬ್, ತೋಟದ ಮನೆಯಲ್ಲಿ ಅಂದರ್ ಬಾಹರ್. ಪೊಲೀಸ್ ಬಾಗಿಲು ತಳ್ಳಿ ಒಳಗೆ ಹೋಗ್ತಾರೆ, ಎಲೆ ಮತ್ತು ದುಡ್ಡು ವಶಕ್ಕೆ ತಗೊಳ್ತಾರೆ, ನಾಲ್ಕು ಜನರನ್ನ ಜೀಪ್ ಹತ್ತಿಸ್ತಾರೆ. ಆ ಪುಸ್ತಕಕ್ಕೇ 'ಆನ್‌ಲೈನ್ ಆಟ', 'ಎಲೆಕ್ಟ್ರಾನಿಕ್ ಹಣ ವರ್ಗಾವಣೆ', 'ವರ್ಚುವಲ್ ಕರೆನ್ಸಿ' ಅನ್ನೋ ಪದಗಳನ್ನ ಸೇರಿಸಿದ್ರು.

ಇನ್ನೊಂದು ಕೆಲಸ ಮಾಡಿದ್ರು. ನಮ್ಮ ದೇಶದ ಜೂಜಿನ ಕಾನೂನಲ್ಲಿ ಬಹಳ ಹಳೇ ಗೆರೆ ಒಂದಿದೆ. ಅದೃಷ್ಟದ ಆಟ ಒಂದು ಕಡೆ, ಕೌಶಲದ ಆಟ ಇನ್ನೊಂದು ಕಡೆ. 1957ರಲ್ಲೇ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿತ್ತು. 1968ರಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತ್ತು. 1996ರಲ್ಲಿ ಕುದುರೆ ರೇಸ್ ಬಗ್ಗೆಯೂ ಅದನ್ನೇ ಹೇಳ್ತು. ಕರ್ನಾಟಕದ ತಿದ್ದುಪಡಿ ಏನು ಮಾಡ್ತು ಅಂದ್ರೆ, ದುಡ್ಡು ಪಣಕ್ಕಿಟ್ಟು ಆನ್‌ಲೈನಲ್ಲಿ ಆಡಿದ್ರೆ ಕೌಶಲದ ಆಟವಾದ್ರೂ ಜೂಜೇ ಅಂದಿತು. ಆದ್ರೆ ಕುದುರೆ ರೇಸಿನ ಬೆಟ್ಟಿಂಗ್‌ಗೆ ಮಾತ್ರ ವಿನಾಯಿತಿ ಉಳಿಸಿಕೊಂಡಿತು. ರೇಸ್ ಕೋರ್ಸ್ ವಿಧಾನಸೌಧಕ್ಕೆ ಹತ್ತಿರದಲ್ಲೇ ಇದೆ, ನೆನಪಿರ್ಲಿ.

ಕಂಪನಿಗಳು ಹೈಕೋರ್ಟ್‌ಗೆ ಹೋದ್ವು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ವಿಭಾಗೀಯ ಪೀಠ ತಿದ್ದುಪಡಿಯ ಮುಖ್ಯ ಕಲಂಗಳನ್ನ ರದ್ದು ಮಾಡ್ತು. ರಾಜ್ಯಕ್ಕೆ ಕಾನೂನು ಮಾಡೋ ಅಧಿಕಾರ ಇರೋದು 'ಬೆಟ್ಟಿಂಗ್ ಮತ್ತು ಜೂಜು' ಬಗ್ಗೆ. ಕೌಶಲದ ಆಟವನ್ನ ಜೂಜು ಅಂತ ಕರೆದ ಮಾತ್ರಕ್ಕೆ ಅದು ಜೂಜಾಗಲ್ಲ ಅನ್ನೋದು ತೀರ್ಪಿನ ತಿರುಳು. ಸಂವಿಧಾನಕ್ಕೆ ಅನುಗುಣವಾಗಿ ಹೊಸ ಕಾನೂನು ಮಾಡೋಕೆ ಅಡ್ಡಿ ಇಲ್ಲ ಅಂತಲೂ ಕೋರ್ಟ್ ಹೇಳ್ತು.

ಅಕ್ಟೋಬರ್ 5ರಿಂದ ಫೆಬ್ರವರಿ 14. ಲೆಕ್ಕ ಹಾಕಿದ್ರೆ 132 ದಿನ.

ಇದರಲ್ಲಿ ಬೇಜಾರಿನ ಸಂಗತಿ ಏನು ಗೊತ್ತಾ? ಇದು ಅನಿರೀಕ್ಷಿತ ಆಗಿರಲಿಲ್ಲ. ತಮಿಳುನಾಡು ಹೆಚ್ಚುಕಡಿಮೆ ಇಂಥದ್ದೇ ಕಾನೂನು ಮಾಡಿತ್ತು, ಮದ್ರಾಸ್ ಹೈಕೋರ್ಟ್ ಅದನ್ನ 2021ರ ಆಗಸ್ಟ್ 3ರಂದು ರದ್ದು ಮಾಡಿತ್ತು. ನಮ್ಮ ಮಸೂದೆ ಸದನಕ್ಕೆ ಬಂದದ್ದು ಅದಾದ ಒಂದೂವರೆ ತಿಂಗಳಿಗೆ. ಪಕ್ಕದ ಮನೆಯವರು ಜಾರಿ ಬಿದ್ದ ಮೆಟ್ಟಿಲ ಮೇಲೇ ನಾವೂ ಕಾಲಿಟ್ಟೆವು.

ಇನ್ನೊಂದು ತಮಾಷೆ. ಆ 132 ದಿನ ಕರ್ನಾಟಕದಲ್ಲಿ ದುಡ್ಡಿನ ಆಟ ಅಪರಾಧ. ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋಗಿ ಅದೇ ಫೋನಲ್ಲಿ ರಮ್ಮಿ ಆಡಿದ್ರೆ ಕಾನೂನಿನ ಅಡ್ಡಿ ಇರಲಿಲ್ಲ. ಕೋಣೆಗೆ ಗೋಡೆ ಇರುತ್ತೆ, ಆ್ಯಪ್‌ಗೆ ಇರಲ್ಲ. 1963ರ ಕಣ್ಣಿಂದ ನೋಡಿದ್ರೆ ಇದು ಕಾಣಲ್ಲ.

ಅರಳಿಕಟ್ಟೆ ಇಸ್ಪೀಟು, ಫೋನಿನ ಇಸ್ಪೀಟು

ಈಗ ನಾನು ಬಿ.ಕಾಂ. ಓದಿದ ಋಣ ತೀರಿಸ್ತೀನಿ. ಒಂದು ಸಣ್ಣ ಲೆಕ್ಕ. ಪೆನ್ನು ಪೇಪರ್ ಬೇಡ.

ಊರ ಅರಳಿಕಟ್ಟೆ ಮೇಲೆ ಇಬ್ಬರು ಇಸ್ಪೀಟು ಆಡ್ತಿದ್ದಾರೆ ಅಂದ್ಕೊಳ್ಳಿ. ಇಬ್ಬರ ಜೇಬಲ್ಲೂ ಸಾವಿರ ಸಾವಿರ ರೂಪಾಯಿ. ಒಂದು ಆಟಕ್ಕೆ ತಲಾ ನೂರು ಪಣ. ಇಬ್ಬರೂ ಸಮ ಸಮ ಆಟಗಾರರು. ಒಮ್ಮೆ ಇವನು ಗೆಲ್ತಾನೆ, ಒಮ್ಮೆ ಅವನು. ಸಂಜೆವರೆಗೆ ಆಡಿದ್ರೂ ಕಟ್ಟೆ ಮೇಲಿರೋ ಒಟ್ಟು ದುಡ್ಡು ಎರಡು ಸಾವಿರವೇ. ಒಬ್ಬರ ಜೇಬಿಂದ ಇನ್ನೊಬ್ಬರ ಜೇಬಿಗೆ ಹೋಗಬಹುದು, ಆದ್ರೆ ಊರು ಬಿಟ್ಟು ಹೋಗಲ್ಲ.

ಈಗ ಅದೇ ಇಬ್ಬರನ್ನ ಫೋನಲ್ಲಿ ಕೂರಿಸಿ. ಪಣ ಅದೇ ನೂರು. ಆದ್ರೆ ಪ್ರತಿ ಆಟದಲ್ಲೂ ಒಟ್ಟು ಪಣದಿಂದ ಪ್ಲಾಟ್‌ಫಾರ್ಮ್ ತನ್ನ ಫೀ ತಗೊಳ್ಳುತ್ತೆ. ಉದಾಹರಣೆಗೆ ನೂರಕ್ಕೆ ಹತ್ತು ಅಂತ ಇಟ್ಕೊಳ್ಳಿ. ಇನ್ನೂರು ರೂಪಾಯಿ ಪಣದಲ್ಲಿ ಇಪ್ಪತ್ತು ಪ್ಲಾಟ್‌ಫಾರ್ಮ್‌ಗೆ, ಗೆದ್ದವನಿಗೆ ನೂರ ಎಂಬತ್ತು. ಸಮ ಸಮ ಆಟಗಾರರು ಐವತ್ತು ಆಟ ಆಡಿದ್ರೆ ಏನಾಗುತ್ತೆ? ಐವತ್ತು ಸಲ ಇಪ್ಪತ್ತು, ಅಂದ್ರೆ ಸಾವಿರ ರೂಪಾಯಿ. ಇಬ್ಬರ ಒಟ್ಟು ದುಡ್ಡಲ್ಲಿ ಅರ್ಧ ಖಾಲಿ. ಯಾರೂ ಮೋಸ ಮಾಡಿಲ್ಲ. ಇಬ್ಬರಿಗೂ ಕೌಶಲ ಇದೆ. ಆದ್ರೂ ಅರ್ಧ ದುಡ್ಡು ಹೋಯ್ತು.

ಒಂದು ಆಟಕ್ಕೆ ಮೂರು ನಿಮಿಷ ಅಂದ್ರೆ ಐವತ್ತು ಆಟಕ್ಕೆ ಎರಡೂವರೆ ಗಂಟೆ. ಒಂದು ಸಿನಿಮಾ ನೋಡೋ ಹೊತ್ತು. ಕಟ್ಟೆ ಮೇಲಾದ್ರೆ ಎಲೆ ಕಲಸ್ಬೇಕು, ಹಂಚ್ಬೇಕು, ಯಾರೋ ಟೀ ತರ್ತಾರೆ, ಕತ್ತಲಾಗುತ್ತೆ, ಮನೆಯಿಂದ ಫೋನ್ ಬರುತ್ತೆ, ಜೇಬು ಖಾಲಿ ಆದ್ರೆ ಎದ್ದು ಹೋಗ್ಬೇಕು. ಫೋನಲ್ಲಿ ಇದ್ಯಾವುದೂ ಇಲ್ಲ. ರಾತ್ರಿ ಎರಡು ಗಂಟೆಗೂ ಎದುರಾಳಿ ರೆಡಿ. ಜೇಬು ಖಾಲಿ ಆದ್ರೆ ಯುಪಿಐ ಇದೆ, ಅದೂ ಖಾಲಿ ಆದ್ರೆ ಲೋನ್ ಆ್ಯಪ್ ಇದೆ.

ನನ್ನ ಪಾಯಿಂಟ್ ಇಷ್ಟೇ. ಮನೆ ಹಾಳಾಗೋದು ಮೂರು ಕಡೆಯಿಂದ: ಪ್ರತಿ ಆಟದಲ್ಲೂ ಕತ್ತರಿಸೋ ಫೀ, ಆಟದ ವೇಗ, ಮತ್ತೆ ಮತ್ತೆ ದುಡ್ಡು ಹಾಕೋ ಸುಲಭ. ರಮ್ಮಿ ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಗೆ ಉತ್ತರ ಏನೇ ಆಗಿರ್ಲಿ, ಈ ಮೂರೂ ಬದಲಾಗಲ್ಲ. ನಮ್ಮ 2021ರ ಕಾಯ್ದೆ ಗೆಲ್ಲೋಕೆ ಆಗದ ಪ್ರಶ್ನೆ ಮೇಲೆ ಜಗಳ ಆಡ್ತು, ಮನೆ ಹಾಳು ಮಾಡೋ ಮೂರನ್ನೂ ಮುಟ್ಟಲಿಲ್ಲ.

ಇದನ್ನ ಕಂಡುಹಿಡಿಯೋಕೆ ಶಾಸಕರಿಗೆ ಕೋಡಿಂಗ್ ಬೇಕಾಗಿರಲಿಲ್ಲ. ಆ ಆ್ಯಪ್‌ನಲ್ಲಿ ದುಡ್ಡು ಕಳ್ಕೊಂಡ ಒಬ್ಬ ಹುಡುಗನ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತಿದ್ರೆ ಸಾಕಿತ್ತು.

ಅಂದಹಾಗೆ, ದುಡ್ಡಿನ ದಾರಿ ಹುಡುಕೋದ್ರಲ್ಲಿ ತೆರಿಗೆಯವರು ಯಾವಾಗಲೂ ಮುಂದೆ. ಮೊದಲು ಕಂಪನಿಗಳು ತಮ್ಮ ಫೀ ಮೇಲೆ ಮಾತ್ರ ಶೇ. 18 ಜಿಎಸ್‌ಟಿ ಕಟ್ತಿದ್ವು. 2023ರ ಅಕ್ಟೋಬರ್ 1ರಿಂದ ಆಟಗಾರ ಹಾಕೋ ಪೂರ್ತಿ ಠೇವಣಿ ಮೇಲೆ ಶೇ. 28 ಅಂತ ಆಯ್ತು. ಎಲ್ಲಿ ಹಿಡಿದ್ರೆ ದುಡ್ಡು ಸಿಗುತ್ತೆ ಅನ್ನೋದು ಅವರಿಗೆ ಸರಿಯಾಗಿ ಗೊತ್ತಿತ್ತು. ಆದ್ರೆ ತೆರಿಗೆ ಬೇರೆ, ರಕ್ಷಣೆ ಬೇರೆ. ಸೋತವನ ಮನೆಗೆ ಜಿಎಸ್‌ಟಿಯಿಂದ ಏನೂ ವಾಪಸ್ ಬರಲ್ಲ.

ತಮಿಳುನಾಡು ಎರಡನೇ ಸಲ ಮಾಡಿದ್ದು

ಒಂದು ಸಲ ಬಿದ್ದ ತಮಿಳುನಾಡು ಮುಂದೇನು ಮಾಡ್ತು? 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡ್ತು. ಅದರಲ್ಲಿ ಮನೋವೈದ್ಯರಿದ್ದರು, ತಂತ್ರಜ್ಞಾನ ಬಲ್ಲವರಿದ್ದರು, ಪೊಲೀಸ್ ಅಧಿಕಾರಿ ಇದ್ದರು. ಆಮೇಲೆ ಹೊಸ ಕಾಯ್ದೆ ಬಂತು. 2023ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕಾಯ್ದೆಯನ್ನ ಎತ್ತಿಹಿಡೀತು. ಆದ್ರೆ ರಮ್ಮಿ ಮತ್ತು ಪೋಕರ್ ಅನ್ನ ಅದೃಷ್ಟದ ಆಟ ಅಂತ ನಿಷೇಧಿಸಿದ ಭಾಗವನ್ನ ಮಾತ್ರ ಒಪ್ಪಲಿಲ್ಲ. ಅದೇ ಹಳೇ ಗೆರೆ.

ಆಗ 2025ರಲ್ಲಿ ಅವರು ನಿಯಮ ತಂದ್ರು. ರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ದುಡ್ಡಿನ ಆಟ ಬಂದ್. ಆಧಾರ್ ಮೂಲಕ ಗುರುತು ಖಚಿತ ಆಗ್ಬೇಕು. ಬಹಳ ಹೊತ್ತು ಆಡ್ತಿದ್ರೆ ಸ್ಕ್ರೀನ್ ಮೇಲೆ ಎಚ್ಚರಿಕೆ ಬರ್ಬೇಕು. ಕಂಪನಿಗಳು ಮತ್ತೆ ಕೋರ್ಟ್‌ಗೆ ಹೋದ್ವು. 2025ರ ಜೂನ್ 3ರಂದು ಮದ್ರಾಸ್ ಹೈಕೋರ್ಟ್ ಈ ನಿಯಮಗಳನ್ನ ಎತ್ತಿಹಿಡೀತು.

ವ್ಯತ್ಯಾಸ ನೋಡಿದ್ರಾ? ಆಟಕ್ಕೆ ಏನು ಹೆಸರಿಡೋದು ಅನ್ನೋ ಜಗಳದಲ್ಲಿ ಸರ್ಕಾರ ಎರಡು ಸಲ ಸೋತಿತು. ಆಟ ಮನುಷ್ಯನನ್ನ ಯಾವ ಹೊತ್ತಲ್ಲಿ, ಹೇಗೆ ಹಿಡ್ಕೊಳ್ಳುತ್ತೆ ಅಂತ ನೋಡಿ ಬರೆದ ನಿಯಮ ನಿಂತ್ಕೊಂಡಿತು. ಸಮಿತಿಯಲ್ಲಿ ಮನೋವೈದ್ಯರು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಸಿಕ್ಕಿಲ್ಲ.

ಇನ್ನು ಕೇಂದ್ರದ ಕಥೆ. 2025ರ ಆಗಸ್ಟ್ 20ರಂದು ಆನ್‌ಲೈನ್ ಗೇಮಿಂಗ್ ಮಸೂದೆ ಲೋಕಸಭೆಯಲ್ಲಿ ಮಂಡನೆ ಆಯ್ತು, ಅದೇ ದಿನ ಅಂಗೀಕಾರ. 21ಕ್ಕೆ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಈ ಕಾಯ್ದೆ ಒಂದು ವಿಷಯದಲ್ಲಿ ಜಾಣತನ ತೋರಿಸ್ತು. ಕೌಶಲವೋ ಅದೃಷ್ಟವೋ ಅನ್ನೋದನ್ನ ಪಕ್ಕಕ್ಕಿಟ್ಟು, ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಎಲ್ಲ ಆನ್‌ಲೈನ್ ಆಟವನ್ನೂ ನಿಷೇಧಿಸ್ತು. ಆಟ ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡೋರಿಗೂ ಶಿಕ್ಷೆ, ಪಾವತಿ ಸಾಗಿಸೋ ಬ್ಯಾಂಕು ಸಂಸ್ಥೆಗಳಿಗೂ ಕಡಿವಾಣ. ಆಡಿದವನಿಗೆ ಶಿಕ್ಷೆ ಇಲ್ಲ. ದುಡ್ಡಿನ ದಾರಿಯನ್ನೇ ಮುಚ್ಚೋ ಯೋಚನೆ ಇದು. ಡ್ರೀಮ್11 ದುಡ್ಡಿನ ಸ್ಪರ್ಧೆ ನಿಲ್ಲಿಸಿದ್ದೂ, ಕ್ರಿಕೆಟ್ ತಂಡದ ಜೆರ್ಸಿಯಿಂದ ಅದರ ಹೆಸರು ಹೋದದ್ದೂ ನಿಮಗೆ ಗೊತ್ತೇ ಇದೆ.

ಆದ್ರೆ ಎರಡು ದಿನದಲ್ಲಿ ಎರಡು ಸದನ, ಸಮಿತಿ ಪರಿಶೀಲನೆ ಇಲ್ಲ. ನಿಷೇಧ ಆದಮೇಲೆ ವಿದೇಶದಿಂದ ನಡೆಯೋ ಆ್ಯಪ್‌ಗಳ ಕಡೆ ಜನ ಹೋದ್ರೆ ಏನು? ಆ ಆ್ಯಪ್‌ಗೆ ನಮ್ಮಲ್ಲಿ ಆಫೀಸೂ ಇರಲ್ಲ, ದೂರು ಕೊಡೋಕೆ ವಿಳಾಸವೂ ಇರಲ್ಲ. ಇಂಥ ಪ್ರಶ್ನೆ ಕೇಳೋಕೇ ಸಮಿತಿ ಇರೋದು. ಕಾಯ್ದೆ ಬಂದ ತಕ್ಷಣ ಮೊದಲ ಸವಾಲು ಬಿದ್ದದ್ದೂ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ. ಆಮೇಲೆ ಬೇರೆ ಬೇರೆ ಹೈಕೋರ್ಟ್‌ಗಳ ಪ್ರಕರಣಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

2022ರ ಫೆಬ್ರವರಿಯಿಂದ 2025ರ ಆಗಸ್ಟ್‌ವರೆಗೆ ಮೂರೂವರೆ ವರ್ಷ. ಅಷ್ಟು ಕಾಲ ಕರ್ನಾಟಕದಲ್ಲಿ ರಾತ್ರಿ ನಿಲ್ಲಿಸಬೇಕು ಅನ್ನೋ ನಿಯಮವೂ ಇರಲಿಲ್ಲ, ಆನ್‌ಲೈನ್ ರಮ್ಮಿಗೆ ತಡೆಯೂ ಇರಲಿಲ್ಲ. ಅರ್ಥ ಮಾಡ್ಕೊಳ್ಳದೇ ಮಾಡಿದ ಕಾನೂನಿನ ಬೆಲೆ ಅದು. ಆ ಬೆಲೆ ಕಟ್ಟಿದ್ದು ಶಾಸಕರೂ ಅಲ್ಲ, ಕಂಪನಿಯೂ ಅಲ್ಲ. ಟೀ ಅಂಗಡಿ ಮುಂದೆ ಮೆತ್ತಗೆ ಮಾತಾಡೋ ಆ ಮನೆಗಳು.

ಹಾಗಾದ್ರೆ ತಜ್ಞರಿಗೇ ಬಿಟ್ಟುಬಿಡೋಣ್ವಾ?

ಕೆಲವರು ಇನ್ಸ್ಟಾಗ್ರಾಂನಲ್ಲಿ ಇದನ್ನೇ ಕೇಳಿದ್ರಿ. "ಶಾಸಕರಿಗೆ ಗೊತ್ತಾಗಲ್ಲ ಅಂದ್ರೆ ಟೆಕ್ ಕಂಪನಿಯವರನ್ನೇ ಕೂರಿಸಿ ಬರೆಸೋದು ಸರಿ ಅಲ್ವಾ?"

ಅದನ್ನೂ ಪ್ರಯತ್ನ ಮಾಡಿ ಆಗಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ಯಾವ ದುಡ್ಡಿನ ಆಟಕ್ಕೆ ಅನುಮತಿ ಅಂತ ಸ್ವಯಂ ನಿಯಂತ್ರಣ ಸಂಸ್ಥೆಗಳು ತೀರ್ಮಾನ ಮಾಡ್ಲಿ ಅಂದಿತ್ತು. ಅಂಥ ಒಂದೇ ಒಂದು ಸಂಸ್ಥೆಗೂ ಮಾನ್ಯತೆ ಸಿಗಲಿಲ್ಲ, ವ್ಯವಸ್ಥೆ ಶುರುವೇ ಆಗಲಿಲ್ಲ. ಆಟದಿಂದಲೇ ದುಡಿಯೋ ಉದ್ಯಮ, ಆಟಕ್ಕೆ ಅಂಪೈರ್‌ನ್ನೂ ಕೊಟ್ರೆ ಹೇಗೆ?

ಕಂಪನಿಯವರಿಗೆ ತಂತ್ರಜ್ಞಾನ ಚೆನ್ನಾಗಿ ಗೊತ್ತು, ನಿಜ. ಆದ್ರೆ ಅವರು ಎಲ್ಲವನ್ನೂ ಹೇಳ್ತಾರೆ ಅಂತ ಏನಿಲ್ಲ. ಶಾಸಕರಿಗೆ ಸ್ವಲ್ಪವೂ ಗೊತ್ತಿಲ್ಲದಿದ್ರೆ ಯಾರು ನಿಜ ಹೇಳ್ತಿದ್ದಾರೆ, ಯಾರು ಮರೆಮಾಚ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ? ಮನೆ ಕಟ್ಟಿಸೋರಿಗೆ ಗಾರೆ ಕೆಲಸ ಬರ್ಬೇಕಿಲ್ಲ. ಆದ್ರೆ ಸಿಮೆಂಟಿಗೆ ಮರಳು ಎಷ್ಟು ಬೆರೆಸ್ತಿದ್ದೀರಿ ಅಂತ ಕೇಳೋಷ್ಟು ಗೊತ್ತಿರ್ಬೇಕು. ಕೇಳದೇ ಇದ್ರೆ ಗೋಡೆ ಯಾರ ಮೇಲೆ ಬೀಳುತ್ತೆ?

ಅಮೆರಿಕದ ಸಂಸತ್ತಿಗೆ ಈ ಕೆಲಸಕ್ಕೆ ಅಂತಲೇ ಒಂದು ಕಚೇರಿ ಇತ್ತು. ಆಫೀಸ್ ಆಫ್ ಟೆಕ್ನಾಲಜಿ ಅಸೆಸ್‌ಮೆಂಟ್ ಅಂತ. 1972ರಲ್ಲಿ ಶುರುವಾಗಿದ್ದು. ಸರ್ಕಾರದ ಪರವೂ ಅಲ್ಲದೆ, ಕಂಪನಿಯ ಪರವೂ ಅಲ್ಲದೆ, ಎರಡೂ ಪಕ್ಷದ ಸದಸ್ಯರಿಗೆ ತಂತ್ರಜ್ಞಾನವನ್ನ ಸರಳವಾಗಿ ಬಿಡಿಸಿ ವರದಿ ಕೊಡ್ತಿತ್ತು. 1995ರಲ್ಲಿ ಖರ್ಚು ಉಳಿಸೋಕೆ ಅಂತ ಅದಕ್ಕೆ ಹಣ ನಿಲ್ಲಿಸಿ ಮುಚ್ಚಿದ್ರು. 2018ರಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್ ವಿಚಾರಣೆಗೆ ಬಂದಾಗ, ಬಳಕೆದಾರರು ದುಡ್ಡು ಕೊಡದಿದ್ರೆ ನಿಮ್ಮ ಬಿಸಿನೆಸ್ ಹೇಗೆ ನಡೆಯುತ್ತೆ ಅಂತ ಒಬ್ಬ ಸೆನೆಟರ್ ಕೇಳಿದ ಕ್ಲಿಪ್ ನೀವೂ ನೋಡಿರ್ತೀರಿ. ಜಾಹೀರಾತಿಂದ ಅನ್ನೋದು ಉತ್ತರ. ಎಲ್ಲರೂ ನಕ್ಕರು. ಕಲಿಸೋ ಕಚೇರಿಗೆ ಬೀಗ ಹಾಕಿದ್ದನ್ನ ಯಾರೂ ಅಷ್ಟಾಗಿ ನೆನಪು ಮಾಡಲಿಲ್ಲ.

ಅದೇ ವಿಧಾನಸೌಧ, ಇನ್ನೊಂದು ಕಾಯ್ದೆ

ಈಗ ಒಳ್ಳೇ ಸುದ್ದಿ. ನಮ್ಮ ವಿಧಾನಮಂಡಲಕ್ಕೆ ಇದು ಬರೋದೇ ಇಲ್ಲ ಅಂತ ಅಲ್ಲ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ನೋಡಿ. ಪೂರ್ತಿ ಹೆಸರು ಉದ್ದ ಇದೆ: ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ.

ನಮ್ಮೂರಿಂದ ವೈಟ್‌ಫೀಲ್ಡ್ ಕಡೆ ದಿನಾ ಬೈಕ್ ಹತ್ತಿ ಡೆಲಿವರಿಗೆ ಹೋಗೋ ಹುಡುಗರಿದ್ದಾರೆ. ಅವರಲ್ಲೊಬ್ಬನನ್ನ ಈ ಸಂಚಿಕೆಗೆ ಮಾತಾಡಿಸಿದೆ. "ನಿನ್ನ ಮೇಲಿನ ಮ್ಯಾನೇಜರ್ ಯಾರಪ್ಪಾ?" ಅಂತ ಕೇಳಿದ್ರೆ ಫೋನ್ ತೋರಿಸಿದ. "ಇದೇ ಅಕ್ಕಾ. ಆರ್ಡರ್ ಕೊಡೋದೂ ಇದೇ, ಕಮ್ಮಿ ಮಾಡೋದೂ ಇದೇ. ಯಾಕೆ ಕಮ್ಮಿ ಆಯ್ತು ಅಂತ ಕೇಳಿದ್ರೆ ಮಾತ್ರ ಇದಕ್ಕೆ ಬಾಯಿಲ್ಲ." ಒಂದು ದಿನ ಬೆಳಿಗ್ಗೆ ಎದ್ದಾಗ ಐಡಿ ಬ್ಲಾಕ್ ಆಗಿತ್ತಂತೆ. ಕಾರಣ ಗೊತ್ತಾಗೋಕೆ ಒಂಬತ್ತು ದಿನ ಬೇಕಾಯ್ತು, ಅಷ್ಟೂ ದಿನ ಸಂಪಾದನೆ ಇಲ್ಲ, ಬೈಕಿನ ಇಎಂಐ ಮಾತ್ರ ನಿಲ್ಲಲಿಲ್ಲ.

ಈ ಸಮಸ್ಯೆಯನ್ನ ಹಳೇ ಕಾರ್ಮಿಕ ಕಾನೂನಿನ ಕಣ್ಣಿಂದ ನೋಡಿದ್ರೆ 'ಮಾಲೀಕ ಯಾರು' ಅನ್ನೋ ಜಗಳದಲ್ಲೇ ಸಿಕ್ಕಿ ಹಾಕ್ಕೊಳ್ಳುತ್ತೆ. ಹೊಸ ಕಾಯ್ದೆ ಬೇರೆ ಕಡೆ ಕೈ ಹಾಕ್ತು. ಸ್ವಯಂಚಾಲಿತ ನಿಗಾ ಮತ್ತು ನಿರ್ಧಾರ ವ್ಯವಸ್ಥೆ, ಅಂದ್ರೆ ನಾವು ಅಲ್ಗಾರಿದಮ್ ಅಂತೀವಲ್ಲ ಅದು, ಕೆಲಸವನ್ನ ಹೇಗೆ ಹಂಚುತ್ತೆ, ರೇಟಿಂಗ್ ಹೇಗೆ ನೋಡುತ್ತೆ ಅನ್ನೋದನ್ನ ತಿಳ್ಕೊಳ್ಳೋ ಹಕ್ಕನ್ನ ಕಾರ್ಮಿಕನಿಗೆ ಕೊಟ್ಟಿತು. ಕೆಲಸದಿಂದ ತೆಗೀಬೇಕಾದ್ರೆ ಲಿಖಿತ ಕಾರಣ, 14 ದಿನ ಮುಂಚೆ ನೋಟಿಸ್. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡೋ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದನ್ನ ಕಂಪನಿ ಕಟ್ಟಬೇಕು, ಮತ್ತು ಆ ಪಾವತಿಯನ್ನ ಪರಿಶೀಲಿಸೋಕೆ ಒಂದು ಡಿಜಿಟಲ್ ವ್ಯವಸ್ಥೆ.

ಇಲ್ಲಿ ಎರಡು ಸಂಗತಿ ಸರಿಯಾಗಿ ಕಾಣ್ತಿದೆ: ದುಡ್ಡು ಎಲ್ಲಿ ಹರಿಯುತ್ತೆ, ಮತ್ತು ನಿರ್ಧಾರ ಯಾರು ತಗೊಳ್ತಾರೆ. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರಾಗ್ಲಿ, ಓಟು ಹಾಕಿದ ಶಾಸಕರಾಗ್ಲಿ ಅಲ್ಗಾರಿದಮ್ ಬರೆಯೋಕೆ ಕಲಿತರು ಅಂತಲ್ಲ. ಕರಡನ್ನ 2024ರ ಜೂನ್ ಕೊನೆಯಲ್ಲಿ ಜನರ ಮುಂದಿಟ್ರು. ಕಾರ್ಮಿಕ ಸಂಘಟನೆಗಳೂ ಮಾತಾಡಿದ್ವು, ಕಂಪನಿಗಳೂ ಮಾತಾಡಿದ್ವು. ರಾಜಸ್ಥಾನ 2023ರಲ್ಲೇ ಇಂಥ ಕಾನೂನು ಮಾಡಿತ್ತು, ಆ ಉದಾಹರಣೆಯೂ ಎದುರಿಗಿತ್ತು. 2025ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಬೈಕ್ ಓಡಿಸೋ ಹುಡುಗನಿಗೆ ಗೊತ್ತಿದ್ದದ್ದು ಕಾನೂನಿನ ಭಾಷೆಗೆ ಬಂತು.

ಪರ್ಫೆಕ್ಟ್ ಅಂತ ನಾನು ಹೇಳ್ತಿಲ್ಲ. ಕರಡಿಗೆ ಅಭಿಪ್ರಾಯ ಹೇಳೋಕೆ ಕೊಟ್ಟದ್ದು ಹತ್ತೇ ದಿನ. ಕಂಪನಿ ಕೊಡೋ ವಿವರಣೆ ಅರ್ಥ ಆಗೋ ಹಾಗಿದೆಯಾ, ಬರೀ ನಾಲ್ಕು ಸಾಲಿನ ಶಾಸ್ತ್ರವಾ ಅಂತ ನೋಡೋಕೆ ಮಂಡಳಿಯಲ್ಲಿ ತಿಳಿದವರು ಬೇಕು. ಅದಿಲ್ಲದಿದ್ರೆ ಹಕ್ಕು ಕಾಗದದ ಮೇಲೇ ಉಳಿಯುತ್ತೆ. ಆದ್ರೆ ಸರಿಯಾದ ಜಾಗಕ್ಕೆ ಕೈ ಹಾಕಿದೆ, ಅಷ್ಟು ನಿಜ.

ಎಷ್ಟು ಗೊತ್ತಿದ್ರೆ ಸಾಕು?

ಈಗ ಮೊದಲಿನ ಪ್ರಶ್ನೆಗೆ ನನ್ನ ಉತ್ತರ. ಶಾಸಕರಿಗೆ ತಂತ್ರಜ್ಞಾನ ಗೊತ್ತಿರ್ಬೇಕಾ? ಹೌದು, ಆದ್ರೆ ಎಂಜಿನಿಯರ್‌ಗೆ ಗೊತ್ತಿರೋ ಹಾಗಲ್ಲ. ಮೂರು ಪ್ರಶ್ನೆಗೆ ಉತ್ತರ ಗೊತ್ತಿರ್ಬೇಕು. ಇದರಲ್ಲಿ ದುಡ್ಡು ಯಾರಿಂದ ಯಾರಿಗೆ ಹೋಗುತ್ತೆ? ನಿರ್ಧಾರ ಮನುಷ್ಯ ತಗೊಳ್ತಾನಾ, ಯಂತ್ರ ತಗೊಳ್ಳುತ್ತಾ? ಪೆಟ್ಟು ಬೀಳೋದು ಯಾವ ಹೊತ್ತಲ್ಲಿ, ಯಾರಿಗೆ? ಈ ಮೂರಕ್ಕೆ ಉತ್ತರ ಇಲ್ಲದೇ ಕೈ ಎತ್ತಿದ್ರೆ ಆ ಕಾನೂನು ಕೋರ್ಟಲ್ಲಿ ಬೀಳುತ್ತೆ, ಇಲ್ಲಾ ಊರಲ್ಲಿ ಬೀಳುತ್ತೆ.

ಡಾಕ್ಟರ್ ಅಲ್ಲದ ಆರೋಗ್ಯ ಮಂತ್ರಿಯ ಮಾತು ಬಂತಲ್ಲ. ಅವರಿಗೆ ಕಾಯಿಲೆ ಗೊತ್ತಿರುತ್ತೆ, ಯಾಕಂದ್ರೆ ಅವರ ಮನೆಯಲ್ಲೂ ಯಾರಿಗೋ ಜ್ವರ ಬಂದಿರುತ್ತೆ. ಅಲ್ಗಾರಿದಮ್ ಹಾಗೆ ಕಣ್ಣಿಗೆ ಕಾಣಲ್ಲ. ಅದಕ್ಕೇ ಇಲ್ಲಿ ಕೇಳಿ ತಿಳ್ಕೊಳ್ಳೋ ದಾರಿ ಇನ್ನೂ ಮುಖ್ಯ.

ಆ ದಾರಿ ಹೊಸದಾಗಿ ಕಟ್ಟಬೇಕಾಗಿಲ್ಲ. ನಮ್ಮಲ್ಲಿ ಇದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನ 2024ರ ಜುಲೈನಲ್ಲಿ ಎರಡೂ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಕಳಿಸಿದ್ರು, ಶಾಸಕ ರಿಜ್ವಾನ್ ಅರ್ಷದ್ ಅದರ ಅಧ್ಯಕ್ಷರು. ಸಮಿತಿ ವರದಿ ಕೊಟ್ಟ ಮೇಲೆ 2025ರ ಮಾರ್ಚ್‌ನಲ್ಲಿ ಮಸೂದೆ ಪಾಸಾಯ್ತು. ಆ ಕಾಯ್ದೆ ಬಗ್ಗೆ ನಿಮಗೆ ಬೇರೆ ಅಭಿಪ್ರಾಯ ಇರಬಹುದು, ನನಗೂ ಇದೆ. ಆದ್ರೆ ಒಂದು ಮಸೂದೆಗೆ ಎಂಟು ತಿಂಗಳು ಕೊಡೋಕೆ ಆಗುತ್ತೆ ಅಂತ ಅದು ತೋರಿಸ್ತು. ಫೋನಿಗೆ ಸಂಬಂಧಪಟ್ಟ ಮಸೂದೆಗೆ ಎಂಟು ತಿಂಗಳು ಬೇಡ, ಎಂಟು ವಾರ ಕೊಡಿ. ಸೋತವರನ್ನ ಕರೆಸಿ, ಡೆಲಿವರಿ ಹುಡುಗರನ್ನ ಕರೆಸಿ, ಮನೋವೈದ್ಯರನ್ನ, ಬ್ಯಾಂಕಿನವರನ್ನ, ಕಂಪನಿಯವರನ್ನೂ ಕರೆಸಿ. ಎಲ್ಲರ ಮಾತೂ ದಾಖಲೆಗೆ ಹೋಗ್ಲಿ.

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ಸದನದಲ್ಲಿ ಮಂಡನೆಯಾದ ಮಸೂದೆಗಳು ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲೇ ಸಿಗುತ್ತೆ. ಮುಂದಿನ ಅಧಿವೇಶನದಲ್ಲಿ ನಿಮ್ಮ ಫೋನಿಗೆ ಸಂಬಂಧಪಟ್ಟ ಮಸೂದೆ ಬಂದ್ರೆ ತೆಗೆದು ಓದಿ. ಮೊದಲು ವ್ಯಾಖ್ಯಾನದ ಕಲಂ ನೋಡಿ, ಜಗಳ ಎಲ್ಲ ಅಲ್ಲೇ ಇರುತ್ತೆ. ನಿಮ್ಮ ಶಾಸಕರು ಊರಿಗೆ ಬಂದಾಗ, ರಸ್ತೆ ಮತ್ತು ನೀರಿನ ಅರ್ಜಿ ಜೊತೆ ಇದನ್ನೂ ಕೇಳಿ: "ಸಾರ್, ಈ ಮಸೂದೆಗೆ ನೀವು ಕೈ ಎತ್ತೋ ಮುಂಚೆ ದುಡ್ಡು ಕಳ್ಕೊಂಡ ಯಾರನ್ನ ಮಾತಾಡ್ಸಿದ್ರಿ?"

ಉತ್ತರ ಏನು ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಲೋನ್ ಆ್ಯಪ್‌ಗಳ ಬಡ್ಡಿ ಲೆಕ್ಕದ ಜೊತೆ ಸಿಗ್ತೀನಿ. ಅಲ್ಲಿವರೆಗೆ ಹುಷಾರು, ನಮಸ್ಕಾರ.